ಮೀನು ಸಾಯದಿದ್ದರೆ ಹಳ್ಳದ ನೀರು ಸರಿಯಿದೆ ಅಂತಲಾ?

ಮೂಡಿಗೆರೆ ಕಡೆ ಕಾಫಿ ತೋಟಕ್ಕೆ ಔಷಧಿ ಹೊಡೆದರೂ ಹಳ್ಳದ ಮೀನು ಸತ್ತಿಲ್ಲ, ಹಾಗಾದರೆ ತೊಂದರೆ ಇಲ್ಲ ಅಲ್ವಾ ಅಂತ ಕೇಳಿದ್ದೀರಿ. ಹಾಗೆ ಹೇಳಲಾಗುವುದಿಲ್ಲ.

ಕ್ಲೋರ್‌ಪೈರಿಫಾಸ್‌ನಂಥ, ಆರ್ಗನೋಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕ ಔಷಧಿಗಳು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನು ಕೆಲಸ ಮುಗಿದ ಕೂಡಲೇ ಒಡೆಯುವುದು ಇದೇ ಕಿಣ್ವ. ಅದು ನಿಂತರೆ ನರ ಬಿಡುವಿಲ್ಲದೆ ಮಿಡಿಯುತ್ತದೆ. ಮೀನು ಬದುಕಿರಬಹುದು, ಆದರೆ ನೆಟ್ಟಗೆ ಈಜಲಾರದು, ಕೊಕ್ಕರೆ ಬಂದರೆ ತಪ್ಪಿಸಿಕೊಳ್ಳಲಾರದು. ಅದಕ್ಕೇ ಮೀನಿನ ಮಿದುಳಿನಲ್ಲಿ ಈ ಕಿಣ್ವದ ಚಟುವಟಿಕೆ ಅಳೆಯುತ್ತಾರೆ. ಇಂಥ ಗುರುತುಗಳೇ ಬಯೋಮಾರ್ಕರ್. ಕಿಣ್ವ ಚೇತರಿಸಿಕೊಳ್ಳಲು ಎಷ್ಟೋ ದಿನ, ಕೆಲವೊಮ್ಮೆ ವಾರಗಳೇ ಬೇಕು. ಔಷಧಿ ಮಳೆನೀರಲ್ಲಿ ಕೊಚ್ಚಿಹೋದ ಮೇಲೂ ಸಾಕ್ಷಿ ಮೀನಿನೊಳಗೆ ಉಳಿದಿರುತ್ತದೆ. ಬರೀ ನೀರಿನ ಪರೀಕ್ಷೆಗಿಂತ ಇದು ವಾಸಿ ಅಂತ ನನಗನ್ನಿಸುವುದು ಇದಕ್ಕೇ.

ಕಪ್ಪೆಯಲ್ಲಾದರೆ ಗೊದಮೊಟ್ಟೆಯ ರಕ್ತ ನೋಡುತ್ತಾರೆ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಅವುಗಳಲ್ಲಿ ಇದೆ. ಔಷಧಿಯಿಂದ ವರ್ಣತಂತು (ಕೋಶಕೇಂದ್ರದೊಳಗಿನ ಆನುವಂಶಿಕ ಎಳೆ) ಮುರಿದಿದ್ದರೆ ಕೋಶಕೇಂದ್ರದ ಪಕ್ಕದಲ್ಲೊಂದು ಪುಟ್ಟ ಚೂರು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಒಂದು ಮಾತು: ಹೋಲಿಸಲು ತೋಟಕ್ಕಿಂತ ಮೇಲಿನ ಹಳ್ಳದಲ್ಲಿ ಹಿಡಿದ, ಅದೇ ಜಾತಿಯ, ಅದೇ ಗಾತ್ರದ ಮೀನು ಬೇಕು. ನೀರಿನ ಬಿಸಿ ಹೆಚ್ಚುಕಮ್ಮಿಯಾದರೂ ಕಿಣ್ವದ ಲೆಕ್ಕ ಏರುಪೇರಾಗುತ್ತದೆ.