ಚಂದ್ರಾರಾಧಕರ ಪಂಚಾಂಗ

ಪ್ರಶ್ನೆ: ನನ್ನ ಕಲ್ಪಿತ ಲೋಕದ ಕಾದಂಬರಿಯಲ್ಲಿ ಚಂದ್ರನನ್ನು ಆರಾಧಿಸುವ ಸನ್ಯಾಸಿಗಳ ಮಠವೊಂದಿದೆ. ಅವರ ಹಬ್ಬಗಳನ್ನು ಹೇಗೆ ಲೆಕ್ಕ ಹಾಕಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ದಾರಿ ನಿಮ್ಮ ಊರಿನಲ್ಲೇ ಇದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನಗಳಾಗುವುದರಿಂದ ಹನ್ನೆರಡು ಚಾಂದ್ರಮಾಸಗಳು 354 ದಿನಗಳಲ್ಲೇ ಮುಗಿಯುತ್ತವೆ. ಸೌರವರ್ಷಕ್ಕೆ ಇನ್ನೂ 11 ದಿನ ಉಳಿದಿರುತ್ತದೆ. ಚಂದ್ರನನ್ನಷ್ಟೇ ಲೆಕ್ಕಕ್ಕಿಡುವ ಹಿಜರಿ (ಇಸ್ಲಾಮೀ) ಪಂಚಾಂಗವನ್ನು ಅನುಸರಿಸುವ ಖ್ವಾಜಾ ಬಂದೇನವಾಜ್ ಉರುಸು ವರ್ಷವರ್ಷವೂ ಅಷ್ಟು ಮುಂಚೆ ಬಂದು ಎಲ್ಲ ಋತುಗಳನ್ನೂ ಸುತ್ತಿದರೆ, ಶರಣಬಸವೇಶ್ವರ ಜಾತ್ರೆಯು ಕೆಲವು ವರ್ಷಗಳಿಗೊಮ್ಮೆ ಸೇರಿಸುವ ಅಧಿಕಮಾಸದ ಹೊಂದಾಣಿಕೆಯಿಂದಾಗಿ ಬೇಸಿಗೆಯ ಬಿಸಿಲು ಏರುವ ಹೊತ್ತಿಗೇ ಬರುತ್ತದೆ. ಸೂರ್ಯನಿಗೆ ಸೊಪ್ಪು ಹಾಕದ ನಿಮ್ಮ ಸನ್ಯಾಸಿಗಳಿಗೆ ಮೊದಲ ಪದ್ಧತಿಯೇ ಒಪ್ಪೀತು: ಅವರ ಉಪವಾಸ ಒಮ್ಮೆ ಸುಗ್ಗಿಯಲ್ಲಿ, ಒಮ್ಮೆ ಕಡುಬೇಸಿಗೆಯಲ್ಲಿ ಬೀಳಲಿ. ಅಮಾವಾಸ್ಯೆಯಂದು ದೀಪವಾರಿಸಿ, ಕಪ್ಪು ಬಟ್ಟಲಿನ (ಬಿದರಿಯದಾದರೆ ಇನ್ನೂ ಚೆನ್ನ) ನೀರಿನಲ್ಲಿ ಎಳೆಚಂದ್ರನ ಬಿಂಬ ಮೂಡುವವರೆಗೆ ಅವರು ಮಾತನಾಡದಿರಲಿ.