ವಿದೇಶದಲ್ಲಿ ಹುಟ್ಟಿ ಬೆಳೆದ ದಕ್ಷಿಣ ಏಷ್ಯಾದ ಮುಸ್ಲಿಮರಿಗೆ ಧರ್ಮ ಮತ್ತು ಊರಿನ ಸಂಸ್ಕೃತಿ ಎರಡನ್ನೂ ಉಳಿಸಿಕೊಳ್ಳೋದು ಕಷ್ಟವೇ?

ಕಷ್ಟ ಇದೆ, ಆದರೆ ನಾವು ಹೊರಗಿನಿಂದ ಅಂದುಕೊಂಡಷ್ಟಲ್ಲ. ಪೂರ್ವ ಲಂಡನ್ನಿನ ಬಾಂಗ್ಲಾದೇಶಿಗಳನ್ನೇ ನೋಡಿ. ಹೆಚ್ಚಿನವರ ಮೂಲ ಬಾಂಗ್ಲಾದೇಶದ ಈಶಾನ್ಯದಲ್ಲಿರುವ ಸಿಲ್ಹೆಟ್ ಪ್ರದೇಶ. ಬ್ರಿಕ್ ಲೇನ್‌ನಲ್ಲಿ ಅವರು ನಮಾಜ್ ಮಾಡುವ ಮಸೀದಿ 1743ರಲ್ಲಿ ಫ್ರೆಂಚ್ ಪ್ರಾಟೆಸ್ಟೆಂಟರ ಚರ್ಚ್ ಆಗಿ ಕಟ್ಟಿದ್ದು, ನಡುವೆ ಯಹೂದಿಗಳ ಸಿನಗಾಗ್ ಕೂಡ ಆಗಿತ್ತು. ಅಲ್ಲಿಂದ ಸ್ವಲ್ಪ ದೂರದ ಅಲ್ತಾಬ್ ಅಲಿ ಪಾರ್ಕಿನಲ್ಲಿ ಶಹೀದ್ ಮಿನಾರ್ ಇದೆ, 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಸತ್ತವರ ನೆನಪಿಗೆ. ಪ್ರಾರ್ಥನೆ ಅರಬ್ಬಿಯಲ್ಲಿ, ಅಜ್ಜಿಯ ಜೊತೆ ಮಾತು ಸಿಲ್ಹೆಟಿಯಲ್ಲಿ, ಅಣ್ಣತಮ್ಮಂದಿರ ಜಗಳ ಇಂಗ್ಲಿಷಿನಲ್ಲಿ!

ನಿಜವಾದ ತಕರಾರು ಶುರುವಾಗೋದು ಮದುವೆಯಲ್ಲಿ. ನಿಕಾಹ್‌ಗೆ ಬೇಕಾಗಿರೋದು ಒಪ್ಪಿಗೆ, ಸಾಕ್ಷಿಗಳು, ಮೆಹರ್ (ವರ ವಧುವಿಗೆ ಕೊಡಬೇಕಾದ ಹಣ ಅಥವಾ ಉಡುಗೊರೆ), ಇಷ್ಟೇ, ಸುಮಾರು ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೂ ಮುಂಚೆ 'ಗಾಯೆ ಹೊಲುದ್' ಅಂತ ಅರಿಶಿನ ಹಚ್ಚುವ ಶಾಸ್ತ್ರ ಇರುತ್ತೆ, ಹಾಡು, ಹಳದಿ ಸೀರೆ, ತಟ್ಟೆ ತುಂಬ ಸಿಹಿ. 'ಇದು ಇಸ್ಲಾಮಿನದ್ದಲ್ಲ' ಅಂತ ಕೆಲವು ಹುಡುಗರು ಮುಖ ತಿರುಗಿಸ್ತಾರೆ, 'ನಮ್ಮ ಪದ್ಧತಿ ಕಣಪ್ಪಾ' ಅಂತಾರೆ ಹಿರಿಯರು. ಇಸ್ಲಾಮಿಕ್ ಕಾನೂನಿನಲ್ಲೇ 'ಉರ್ಫ್' ಅನ್ನೋ ವಿಚಾರ ಇದೆ, ಅಂದರೆ ಧರ್ಮಕ್ಕೆ ವಿರುದ್ಧವಾಗದ ಸ್ಥಳೀಯ ರೂಢಿಯನ್ನು ಒಪ್ಪಬಹುದು. ಅರಿಶಿನ ಅದರೊಳಗೆ ಬರುತ್ತಾ ಅನ್ನೋದರ ಮೇಲೆ ವಾದ ಇದ್ದೇ ಇದೆ.

ತಮಾಷೆ ಅಂದರೆ 'ಇದು ಇಸ್ಲಾಮಿನದ್ದಲ್ಲ' ಅನ್ನೋ ಇದೇ ಮಾತು ಮಕ್ಕಳಿಗೂ ಅಸ್ತ್ರ. ಬೇರೆ ಊರಿನ, ಬೇರೆ ಬಿರಾದರಿಯ (ಕುಲದ) ಹುಡುಗ ಬೇಡ ಅಂತ ಅಪ್ಪ ಹಟ ಹಿಡಿದರೆ, 'ಅಪ್ಪಾ, ಅದು ನಿಮ್ಮೂರಿನ ರೂಢಿ, ಧರ್ಮ ಅಲ್ಲ ಅಲ್ವಾ?' ಅಂತ ಮಗಳು ಕೇಳಬಹುದು. ಅಪ್ಪನ ಹತ್ರ ಸುಲಭದ ಉತ್ತರ ಇರೋದಿಲ್ಲ.