ನಳ್ಳಿಗೊಂದು ಟೈಮರ್, ಬಿಸುವಿನಿಂದ ಪತ್ತನಾಜೆವರೆಗೆ

ಪ್ರಶ್ನೆ: ಅಕ್ಕಾ, ಏಪ್ರಿಲ್ ಮಧ್ಯದ ಬಿಸು ಹಬ್ಬ ಕಳೆದ ಮೇಲೆ ಮಗಳ ಬಾಣಂತನಕ್ಕೆ ಮುಂಬಯಿಗೆ ಹೋಗುವವರಿದ್ದೇವೆ. ವಾಪಸ್ ಬರುವುದು ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ. ಅಂಗಳದಲ್ಲಿ 20 ಚಟ್ಟಿ ಇವೆ, ಅದರಲ್ಲಿ 12 ಶಂಕರಪುರ ಮಲ್ಲಿಗೆ. ಒಂದು ಬಸಳೆ ಚಪ್ಪರ, ಒಂದು ಸಾಲು ಬೆಂಡೆಯೂ ಇದೆ. ಬಾವಿ ನೀರು, ಟೆರೇಸಿನಲ್ಲಿ 1000 ಲೀಟರಿನ ಟಾಂಕಿ. ನಳ್ಳಿಗೆ ಹಾಕುವ ಟೈಮರ್ ಆನ್‌ಲೈನಿನಲ್ಲಿ ನೂರೆಂಟು ಬಗೆ ಕಾಣಿಸುತ್ತಿವೆ. ಯಾವುದು ತೆಗೆದುಕೊಳ್ಳಲಿ?
— ಓದುಗರು, ಕಟಪಾಡಿ

ಉತ್ತರ: ಡಿಸ್‌ಪ್ಲೇ, ಆ್ಯಪ್ ಎಲ್ಲ ಆಮೇಲೆ. ಮೊದಲು ಒಂದೇ ವಿಷಯ ಹುಡುಕಿ: ಅದಕ್ಕೆ ಕನಿಷ್ಠ ಎಷ್ಟು ಒತ್ತಡದ ನೀರು ಬೇಕು ಅಂತ ಬರೆದಿದ್ದಾರೆ? ನಾನು ಅದನ್ನು ಓದದೆ ಕೊಂಡವಳು. ನನ್ನ ಪಾಡು ಕೇಳಿ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ಬೆಂಗಳೂರಿನಲ್ಲಿ ತಮ್ಮನ ಮಗನ ಮದುವೆ. ಮೂರೇ ದಿನ ಅಲ್ವಾ ಅಂತ ಟೈಮರ್ ಹಾಕಿ ಹೊರಟೆವು. ವಾಪಸ್ ಬಂದು ಗೇಟು ತೆಗೆದರೆ ಕಾಲಡಿ ಕೆಸರು. ಬಸಳೆ ಬುಡ ನೇಜಿ ಗದ್ದೆಯ ಹಾಗೆ. ಪೈಪಿನ ತುದಿಯಿಂದ ಪೆನ್ಸಿಲ್ ದಪ್ಪಕ್ಕೆ ನೀರು ಹೋಗುತ್ತಲೇ ಇತ್ತು. ಟೈಮರ್ ಮಾತ್ರ 'ಆಫ್' ಅಂತ ತೋರಿಸಿಕೊಂಡು ತಣ್ಣಗೆ ಕೂತಿತ್ತು! ನಮ್ಮವರು ಚೀಲ ಅಲ್ಲೇ ಇಟ್ಟು ಬಾವಿಗೆ ಇಣುಕಿದರು. ಕೊಡಪಾನ ಮುಳುಗುವಷ್ಟೂ ನೀರಿರಲಿಲ್ಲ. ಟಾಂಕಿ ಖಾಲಿಯಾದರೆ ತಾನಾಗಿ ಪಂಪು ಹಾಕುವ ಸ್ವಿಚ್ಚನ್ನೂ ನಾವು ಆ ವರ್ಷವೇ ಕೂರಿಸಿದ್ದೆವು. ಅದು ತನ್ನ ಕೆಲಸ ಶ್ರದ್ಧೆಯಿಂದ ಮಾಡಿತ್ತು.

ಟೈಮರ್ ಕೆಟ್ಟಿರಲಿಲ್ಲ, ನಮ್ಮ ನಳ್ಳಿಗೆ ಅದು ಆಗುವಂಥದ್ದಲ್ಲ, ಅಷ್ಟೆ. ಕಡಿಮೆ ಬೆಲೆಯ ಹೆಚ್ಚಿನ ಟೈಮರುಗಳಲ್ಲಿ ಇರುವುದು ಸೊಲೆನಾಯ್ಡ್ ವಾಲ್ವ್. ಅದರೊಳಗೆ ರಬ್ಬರಿನ ಒಂದು ಪೊರೆ. ಸೆಲ್ಲಿನ ಕರೆಂಟು ಒಂದು ಸಣ್ಣ ತೂತನ್ನು ಮಾತ್ರ ತೆರೆದು ಮುಚ್ಚುತ್ತದೆ. ಆ ಪೊರೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕಾದದ್ದು ನೀರಿನದೇ ಬಲ. ಬಲ ಸಾಲದಿದ್ದರೆ ಪೊರೆ ಸರಿಯಾಗಿ ಕೂರುವುದಿಲ್ಲ, ನೀರು ಜಿನುಗುತ್ತಲೇ ಇರುತ್ತದೆ. ಸಾಮಾನ್ಯವಾಗಿ ಇವಕ್ಕೆ 0.5ರಿಂದ 1 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದಲ್ಲಿರುವ ನೀರು ಕೆಳಗೆ ಕೊಡುವುದೇ ಸುಮಾರು 1 ಬಾರ್. ಒಂದಂತಸ್ತಿನ ಮನೆಯ ಟಾಂಕಿಯಿಂದ ಅಂಗಳದ ನಳ್ಳಿಗೆ ನಾಲ್ಕೈದು ಮೀಟರ್ ಇದ್ದರೆ ದೊಡ್ಡದು. ಲೆಕ್ಕ ನೀವೇ ಹಾಕಿ.

ನಿಮಗೆ ಬೇಕಾದದ್ದು ಬಾಲ್ ವಾಲ್ವ್ ಇರುವ ಟೈಮರ್. ಪ್ಲಂಬರ್ ಹಾಕುವ ಬಾಲ್ ವಾಲ್ವ್ ಇದೆಯಲ್ಲ, ಅದೇ. ತಿರುಗಿಸಲು ನಮ್ಮ ಕೈಯ ಬದಲು ಪುಟ್ಟ ಮೋಟರು. ಇದಕ್ಕೆ ನೀರಿನ ಒತ್ತಡದ ಹಂಗಿಲ್ಲ. ವಿವರದಲ್ಲಿ '0 ಬಾರ್‌ನಿಂದ' ಅಂತ ಬರೆದಿರುತ್ತಾರೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಸೆಲ್ ಹಾಕಿಸಿ ಬಟನ್ ಒತ್ತಿ ಕಿವಿಗೊಡಿ. ಸೊಲೆನಾಯ್ಡ್ ಆದರೆ 'ಟಕ್' ಅಂದು ಮುಗಿಯಿತು. ಬಾಲ್ ವಾಲ್ವ್ ಕೆಲವು ಸೆಕೆಂಡು 'ಗುರ್‌ರ್' ಅಂತ ತಿರುಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಇರಲಿ.

ಇನ್ನು ನಳ್ಳಿಯ ಮರೆ, ಅಂದರೆ ಥ್ರೆಡ್. ನಮ್ಮ ಅಂಗಳದ ನಳ್ಳಿಗಳು ಸಾಮಾನ್ಯವಾಗಿ ಅರ್ಧ ಇಂಚಿನವು, ಟೈಮರಿನ ಬಾಯಿ ಹೆಚ್ಚಾಗಿ ಮುಕ್ಕಾಲು ಇಂಚು. ನಡುವೆ ಹಾಕುವ ಅಡಾಪ್ಟರ್ ಜೊತೆಗೇ ಬರುತ್ತದಾ ನೋಡಿ. ಅಮೆರಿಕದಿಂದ ಮಕ್ಕಳು ತಂದುಕೊಟ್ಟದ್ದಾದರೆ ಅಲ್ಲಿನ ಮರೆಯೇ ಬೇರೆ, ಎಷ್ಟು ಟೆಫ್ಲಾನ್ ಟೇಪ್ ಸುತ್ತಿದರೂ ಸೋರುತ್ತದೆ.

ಚಟ್ಟಿಗೆ ಹನಿಹನಿಯಾಗಿ ನೀರು ಬಿಡುವ ಡ್ರಿಪ್ಪರ್ ಕೊಳ್ಳುವಾಗ 'ಪ್ರೆಶರ್ ಕಾಂಪೆನ್ಸೇಟಿಂಗ್' (ಒತ್ತಡ ಏರಿಳಿದರೂ ಒಂದೇ ಸಮ ನೀರು ಬಿಡುವಂಥದ್ದು) ಅಂತ ಇದ್ದರೆ ಬಿಟ್ಟುಬಿಡಿ. ಒಳ್ಳೆಯ ಮಾಲೇ, ಆದರೆ ಅದಕ್ಕೂ ಒತ್ತಡ ಬೇಕು. ಸಾದಾ ಡ್ರಿಪ್ಪರ್ ಅಥವಾ ಸಣ್ಣ ಮೈಕ್ರೋ ಟ್ಯೂಬ್ ಸಾಕು. ಗಂಟೆಗೆ 4 ಲೀಟರ್ ಅಂತ ಬರೆದಿದ್ದರೂ ಟಾಂಕಿ ನೀರಿನಲ್ಲಿ ಅಷ್ಟು ಬರುವುದಿಲ್ಲ. ನಳ್ಳಿಯ ಹತ್ತಿರದ ಚಟ್ಟಿಯಲ್ಲೊಂದು, ಕೊನೆಯ ಚಟ್ಟಿಯಲ್ಲೊಂದು ಲೋಟ ಇಟ್ಟು, ಹತ್ತು ನಿಮಿಷ ಬಿಟ್ಟು ನೋಡಿ. ನಮ್ಮಲ್ಲಿ ಮೊದಲಿನದು ತುಂಬಿ ಚೆಲ್ಲಿತ್ತು, ಕೊನೆಯದರಲ್ಲಿ ಮುಕ್ಕಾಲು ಲೋಟ. ಆ ಚಟ್ಟಿಗೆ ಎರಡು ಡ್ರಿಪ್ಪರ್ ಹಾಕಿದೆ, ಸರಿಹೋಯಿತು. ಮುರಕಲ್ಲಿನ ಬಾವಿಯ ಕೆಂಪು ಹುಡಿ ಡ್ರಿಪ್ಪರಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಒಂದು ಸಣ್ಣ ಫಿಲ್ಟರ್ ಹಾಕಲೇಬೇಕು.

ನೀರಿನ ಲೆಕ್ಕ ಹೀಗೆ: ಚಟ್ಟಿಗೆ ದಿನಕ್ಕೆ ಒಂದೂವರೆ ಲೀಟರಿನಂತೆ 30 ಲೀಟರ್. ಬಸಳೆ, ಬೆಂಡೆ ಸೇರಿ 70 ಅಂತ ಹಿಡಿಯಿರಿ. ಒಟ್ಟು 100. ಅಂದರೆ ತುಂಬಿದ ಟಾಂಕಿ ಬರೋಬ್ಬರಿ ಹತ್ತು ದಿನಕ್ಕೆ. ನೀವು ಹೋಗುವುದು ನಲವತ್ತು ದಿನಕ್ಕೆ. ನಡುವೆ ಪಂಪು ಹಾಕುವವರು ಯಾರು? ಪಕ್ಕದ ಮನೆಯವರಿಗೇ ಹೇಳಿ, ವಾರಕ್ಕೊಮ್ಮೆ ಹಾಕಿದರೆ ಸಾಕು. ತಾನಾಗಿ ಹಾಕಿಕೊಳ್ಳುವ ಸ್ವಿಚ್ಚಿದ್ದರೆ ಹೊರಡುವ ಮೊದಲು ಆಫ್ ಮಾಡಿ ಹೋಗಿ. ಟೈಮರ್ ಕೈಕೊಟ್ಟರೂ ಆಗ ಹೋಗುವುದು ಒಂದು ಟಾಂಕಿ ನೀರು, ಬಾವಿ ಉಳಿಯುತ್ತದೆ. ಪಂಪು ಹಾಕಲು ಬಂದವರು ಮಲ್ಲಿಗೆ ಮೊಗ್ಗನ್ನೂ ಕೊಯ್ದುಕೊಳ್ಳಲಿ. ನೀವು ಇಲ್ಲದಾಗ ಸುಮ್ನೆ ಅರಳಿ ಬೀಳುವುದು ಯಾಕೆ? ನೀರು ಕೊಡುವಾಗ ಮಲ್ಲಿಗೆಗೆ ಕೈ ಸ್ವಲ್ಪ ಬಿಗಿಯಿರಲಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ.

ಸೆಲ್ ಹೊಸ ಆಲ್ಕಲೈನ್‌ದೇ ಹಾಕಿ, ರೀಚಾರ್ಜ್ ಮಾಡುವ ಸೆಲ್ಲಿನ ವೋಲ್ಟೇಜು ಕಡಿಮೆ. ಎಷ್ಟೋ ಟೈಮರುಗಳಲ್ಲಿ ಸೆಲ್ ಸತ್ತಾಗ ವಾಲ್ವ್ ತೆರೆದಿದ್ದರೆ ತೆರೆದೇ ಉಳಿಯುತ್ತದೆ. ತಿರುಗಿಸುವ ಎರಡು ಗುಂಡಿ ಮಾತ್ರ ಇರುವ ಟೈಮರ್ ಆದರೆ, ನೀವು ಯಾವ ಹೊತ್ತಿಗೆ ಸೆಟ್ ಮಾಡುತ್ತೀರೋ ದಿನಾ ಅದೇ ಹೊತ್ತಿಗೆ ನೀರು ಬಿಡುತ್ತದೆ. ನಾನು ಮೊದಲ ದಿನ ಮಟಮಟ ಮಧ್ಯಾಹ್ನ ಸೆಟ್ ಮಾಡಿ, ಮರುದಿನ ಮಟಮಟ ಮಧ್ಯಾಹ್ನವೇ ನೀರು ಬಂದಾಗ ಟೈಮರಿಗೆ ಬೈದಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ಸೆಟ್ ಮಾಡಿ.

ಬಿಸಿಲಿಗೆ ಪ್ಲಾಸ್ಟಿಕ್ ಬಿರಿಯುತ್ತದೆ, ಕಡಲ ಗಾಳಿಗೆ ಸೆಲ್ಲಿನ ತಗಡು ಕಿಲುಬು ಹಿಡಿಯುತ್ತದೆ. ನಮ್ಮ ಟೈಮರಿಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿದ್ದೇನೆ. ಗದ್ದೆ ಕೆಲಸಕ್ಕೆ ಹೊರಟ ಅಜ್ಜನಂತೆ ಕಾಣುತ್ತದೆ, ಅಂಚೆಯವರೂ ನಕ್ಕು ಹೋಗುತ್ತಾರೆ. ಬಿಸುವಿಗೆ ಎರಡು ವಾರ ಮೊದಲೇ ಹಾಕಿ, ನೀವು ಮನೆಯಲ್ಲಿರುವಾಗಲೇ ಓಡಿಸಿ ನೋಡಿ. ಪತ್ತನಾಜೆ ಕಳೆದ ಮೇಲೆ ಬಿಚ್ಚಿ, ಸೆಲ್ ತೆಗೆದು ಒಳಗಿಡಿ.

ಪ್ರಶ್ನೆ: ನಮ್ಮದು ಕದ್ರಿ. ಟೈಮರನ್ನು ಕಾರ್ಪೊರೇಷನ್ ನೀರಿನ ನಳ್ಳಿಗೇ ನೇರ ಹಾಕಬಹುದಾ?
— ಓದುಗರು, ಮಂಗಳೂರು

ಉತ್ತರ: ಬೇಡ. ಟೈಮರ್ ಬಾಯಿ ತೆರೆಯುವ ಹೊತ್ತಿಗೆ ಲೈನಿನಲ್ಲಿ ನೀರಿರಬೇಕಲ್ಲ? 2019ರ ಬೇಸಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಪಾಳಿಯಲ್ಲಿ ನೀರು ಬಿಟ್ಟದ್ದು ನಿಮಗೂ ನೆನಪಿರಬಹುದು. ಅಂಥ ದಿನ ಗಿಡಕ್ಕೆ ಸಿಗುವುದು ಬರೀ ಗಾಳಿ. ಟಾಂಕಿಯ ಲೈನಿಗೆ ಹಾಕಿ. ಬಾವಿ ಇದ್ದರೂ ಪಂಪಿನಿಂದ ನೇರ ಹೋಗುವ ಪೈಪಿಗೆ ಹಾಕಬೇಡಿ. ವಾಲ್ವ್ ಮುಚ್ಚಿರುವಾಗ ಪಂಪು ಓಡಿದರೆ ಪಂಪಿಗೂ ಪೆಟ್ಟು, ಪೈಪಿನ ಜಾಯಿಂಟಿಗೂ ಪೆಟ್ಟು.

ಪ್ರಶ್ನೆ: ನಾನು ದುಬೈಯಲ್ಲಿದ್ದೇನೆ. ಊರಲ್ಲಿ ಅಮ್ಮ ಒಬ್ಬರೇ, ಮೊಣಕಾಲು ನೋವು. ವೈಫೈ ಟೈಮರ್ ಹಾಕಿದರೆ ಇಲ್ಲಿಂದಲೇ ತೋಟಕ್ಕೆ ನೀರು ಬಿಡಬಹುದು ಅಲ್ವಾ?
— ಓದುಗರು, ಮೂಲತಃ ಬ್ರಹ್ಮಾವರ

ಉತ್ತರ: ಬಿಡಬಹುದು, ಮನೆಯ ವೈಫೈ ಇರುವ ತನಕ. ಏಪ್ರಿಲ್–ಮೇಯಲ್ಲಿ ಸಂಜೆ ಗುಡುಗು ಸುರುವಾದರೆ ನಿಮ್ಮ ಅಮ್ಮ ಮೊದಲು ಮಾಡುವ ಕೆಲಸ ಟಿವಿ, ಮೋಡೆಮ್ ಎಲ್ಲದರ ಪ್ಲಗ್ ಕೀಳುವುದು. ಒಮ್ಮೆ ಹಾಕಿಟ್ಟ ವೇಳಾಪಟ್ಟಿ ಟೈಮರಿನೊಳಗೇ ಉಳಿಯುವಂಥದ್ದಾದರೆ ಆಗಲೂ ನಡೆಯುತ್ತದೆ. ಕೊಳ್ಳುವ ಮುಂಚೆ ಅದನ್ನು ಕೇಳಿ. ಆದರೆ ಅಮ್ಮ ಮನೆಯಲ್ಲೇ ಇರುವಾಗ ಇಷ್ಟೆಲ್ಲ ಯಾಕೆ? ಸೆಲ್ಲೇ ಬೇಡದ, ಕೀ ಕೊಟ್ಟಂತೆ ತಿರುಗಿಸುವ ಟೈಮರ್ ಬರುತ್ತದೆ. ತಾನಾಗಿ ನೀರು ಸುರು ಮಾಡುವುದಿಲ್ಲ, ನಿಲ್ಲಿಸುವುದು ಮಾತ್ರ ಅದರ ಕೆಲಸ. ಚಾ ಕುಡಿಯುವ ಮೊದಲು ಅಮ್ಮ ಅಂಗಳಕ್ಕೆ ಹೋಗಿ ಹದಿನೈದು ನಿಮಿಷಕ್ಕೆ ತಿರುಗಿಸಲಿ, ಬಂದ್ ಮಾಡಲು ಮತ್ತೆ ಮೆಟ್ಟಿಲಿಳಿಯುವುದು ಬೇಡ. ಕೊಳ್ಳುವಾಗ ಇದಕ್ಕೂ ಎಷ್ಟು ಒತ್ತಡ ಬೇಕು ಅಂತ ಓದಿ. ಜಗಲಿಯಲ್ಲಿ ಕೂತರೆ ಅದರ ಟಿಕ್‌ಟಿಕ್ ಕೇಳಿಸುತ್ತಿರುತ್ತದೆ. ಸದ್ದು ನಿಂತಿತೆಂದರೆ ನೀರೂ ನಿಂತಿತು.